ಕಾರ್ಡು, ಗುಂಡಿ, ಟ್ಯಾಬು: ಆಟಿಸಂ ಇರುವ ಮಗುವಿಗೆ ತರಗತಿಯಲ್ಲಿ ಯಾವುದು ಕೊಡೋದು?

ಯಾವ ತಾಯ್ತಂದೆ ಬಂದರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಮೇಡಂ, ಟ್ಯಾಬ್ ಯಾವುದು ತಗೊಳ್ಳೋದು?’ ಎಂಟು ಇಂಚಿಂದಾ, ಹತ್ತು ಇಂಚಿಂದಾ, ಐಪ್ಯಾಡೇ ಆಗಬೇಕಾ? ಕೆಲವರು ಆಗಲೇ ಸಾಲ ಮಾಡಿ ತಂದುಬಿಟ್ಟಿರುತ್ತಾರೆ. ಮಗು ಅದರಲ್ಲಿ ಯೂಟ್ಯೂಬ್ ನೋಡುತ್ತಿರುತ್ತದೆ.

ನಾನು ತಾಲ್ಲೂಕಿನ ಶಾಲೆಗಳನ್ನು ಸುತ್ತುವ ವಿಶೇಷ ಶಿಕ್ಷಕಿ. ಟ್ಯಾಬ್ ವಿಷಯ ಆಮೇಲೆ ಅಂತ ಬದಿಗಿಟ್ಟು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಪ್ರಾರ್ಥನೆಯಿಂದ ಹಿಡಿದು ಸಂಜೆ ಮನೆಗೆ ಬಿಡೋವರೆಗೆ ಮಗು ಎಲ್ಲೆಲ್ಲಿ ಅಳುತ್ತೆ, ಎಲ್ಲೆಲ್ಲಿ ಎದ್ದು ಓಡುತ್ತೆ?

ಎರಡನೇ ತರಗತಿಯ ಒಬ್ಬ ಹುಡುಗನ ಒಂದು ದಿನವನ್ನು ಹೀಗೆ ಬರೆದಿಟ್ಟುಕೊಂಡಿದ್ದೆ. ಬೆಲ್ ಹೊಡೆದಾಗ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋದ. ಕನ್ನಡ ಪಿರಿಯಡ್ ಮುಗಿದು ಗಣಿತ ಶುರುವಾದಾಗ ಪುಸ್ತಕ ಎಸೆದ. ಬಿಸಿಯೂಟಕ್ಕೆ ಕೂತಾಗ ತಟ್ಟೆ ತಳ್ಳಿ ಅಡುಗೆಯಕ್ಕನ ಕೈ ಹಿಡಿದು ಎಳೆದ. ಟೀಚರ್ ಮೂರಕ್ಕೂ ‘ಹಟ’ ಅಂತ ಒಂದೇ ಪದ ಬರೆದಿದ್ದರು. ಆದರೆ ಮೊದಲನೆಯದು ಸದ್ದಿನ ತೊಂದರೆ. ಎರಡನೆಯದು ‘ಮುಂದೇನು’ ಅಂತ ಗೊತ್ತಾಗದ ತೊಂದರೆ. ಮೂರನೆಯದು ಬೇಕು-ಬೇಡ ಹೇಳೋಕೆ ದಾರಿಯೇ ಇಲ್ಲದ ತೊಂದರೆ. ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್ ಹಾಕಿದ ಟ್ಯಾಬ್ ಇವುಗಳಲ್ಲಿ ಮೂರನೆಯದಕ್ಕೆ ಸಹಾಯ ಮಾಡಬಹುದು. ಉಳಿದೆರಡಕ್ಕೆ ಸುಮ್ನೆ ದುಡ್ಡು ದಂಡ.

ಹಾಗಾಗಿ ಇಲ್ಲಿ ತೊಂದರೆಯಿಂದ ಶುರು ಮಾಡಿ ಸಾಧನಕ್ಕೆ ಬರುತ್ತೇನೆ. ಮಾತಿನ ಭಾಗ ಜಾಸ್ತಿ ಇದೆ. ಜನ ದುಡ್ಡು ಕಳಕೊಳ್ಳೋದೂ ಅಲ್ಲೇ ಜಾಸ್ತಿ.

‘ಕಾರ್ಡ್ ಕೊಟ್ಟರೆ ಮಾತು ಬರೋದೇ ಇಲ್ವಂತೆ’

ಮೊದಲು ಈ ಭಯ ಬಿಡಿಸಿಕೊಳ್ಳೋಣ. ಅಜ್ಜಿಯರು ಹೇಳುತ್ತಾರೆ, ಟೀಚರ್‌ಗಳು ಹೇಳುತ್ತಾರೆ, ಕೆಲವು ಸಲ ಡಾಕ್ಟರೂ ಹೇಳುತ್ತಾರೆ: ಚಿತ್ರ ತೋರಿಸೋದು ರೂಢಿಯಾದರೆ ಮಗು ಬಾಯೇ ಬಿಡಲ್ಲ ಅಂತ. ಕೇಳೋಕೆ ಸರಿ ಅನ್ನಿಸುತ್ತೆ. ಪರೀಕ್ಷೆ ಮಾಡಿ ನೋಡಿದವರಿಗೆ ಮಾತ್ರ ಹಾಗೆ ಕಂಡಿಲ್ಲ. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಎಂಬ ಮೂವರು ಸಂಶೋಧಕರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಗಟ್ಟಿಯಾಗಿ ಮಾಡಿದ ಅಧ್ಯಯನಗಳಲ್ಲಿ ಇದ್ದವರು 27 ಮಂದಿ. ಅವರಲ್ಲಿ ಶೇಕಡ 89ರಷ್ಟು ಮಂದಿಗೆ ಮಾತು ಹೆಚ್ಚಿತ್ತು, ಉಳಿದವರಿಗೆ ಇದ್ದಷ್ಟೇ ಇತ್ತು, ಒಬ್ಬರಿಗೂ ಕಮ್ಮಿಯಾಗಿರಲಿಲ್ಲ. ಹೆಚ್ಚಿದ್ದು ಸ್ವಲ್ಪವೇ, ಅದನ್ನೂ ಹೇಳಿಬಿಡಬೇಕು. 2014ರಲ್ಲಿ ಕೋನಿ ಕಸಾರಿ ಅವರ ತಂಡ 5ರಿಂದ 8 ವರ್ಷದ, ಮಾತು ತೀರಾ ಕಮ್ಮಿ ಇದ್ದ 61 ಮಕ್ಕಳ ಜೊತೆ ಕೆಲಸ ಮಾಡಿತು. ಶುರುವಿನಿಂದಲೇ ಮಾತಾಡುವ ಸಾಧನ ಕೈಗೆ ಸಿಕ್ಕ ಮಕ್ಕಳು ತಾವಾಗಿಯೇ ಹೆಚ್ಚು ಹೇಳತೊಡಗಿದ್ದರು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮೊದಲು ಕೂತ್ಕೊಳ್ಳೋದು ಕಲೀಲಿ, ಮುಖ ನೋಡೋದು ಕಲೀಲಿ, ಆಮೇಲೆ ಕಾರ್ಡ್ ಅನ್ನೋದು. ಈಜು ಬರೋವರೆಗೂ ನೀರಿಗೆ ಇಳೀಬೇಡ ಅಂದ ಹಾಗೆ ಇದು. ಕಾಯಬೇಡಿ.

ಕಾರ್ಡು

ಕಾರ್ಡ್ ಅಂದರೆ ಗೋಡೆಗೆ ಅಂಟಿಸಿದ ಹಣ್ಣಿನ ಚಾರ್ಟ್ ಅಲ್ಲ. ಇದಕ್ಕೊಂದು ಪದ್ಧತಿ ಇದೆ. ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ಶುರು ಮಾಡಿದ್ದು, ಪೆಕ್ಸ್ ಅಂತ ಕರೀತಾರೆ. ಒಟ್ಟು ಆರು ಹಂತ. ಇದರ ಜೀವ ಇರೋದು ಒಂದೇ ವಿಷಯದಲ್ಲಿ: ಮಗು ಚಿತ್ರವನ್ನು ಬೆರಳಲ್ಲಿ ತೋರಿಸಿದರೆ ಸಾಲದು, ಇನ್ನೊಬ್ಬರ ಕೈಗೆ ಕೊಡಬೇಕು. ಕೊಡಬೇಕಾದರೆ ಆ ವ್ಯಕ್ತಿಯನ್ನು ಹುಡುಕಿಕೊಂಡು ಹೋಗಬೇಕು. ಮಾತು ಅಂದರೆ ಇನ್ನೊಬ್ಬರ ಹತ್ತಿರ ಹೋಗೋದು ಅಂತ ಮಗುವಿಗೆ ಅಲ್ಲಿ ಗೊತ್ತಾಗುತ್ತೆ.

ಮೊದಲ ಹಂತಕ್ಕೆ ದೊಡ್ಡವರು ಇಬ್ಬರು ಬೇಕು. ಒಬ್ಬರು ಎದುರಿಗೆ, ಮಗುವಿಗೆ ಇಷ್ಟವಾದದ್ದನ್ನು ಹಿಡಿದು ಕೂರಬೇಕು. ಇನ್ನೊಬ್ಬರು ಹಿಂದೆ ಕೂತು ಒಂದೂ ಮಾತಾಡದೆ ಮಗುವಿನ ಕೈಯನ್ನು ಕಾರ್ಡಿನ ಕಡೆ ನಡೆಸಬೇಕು. ಮೂವತ್ತೈದು ಮಕ್ಕಳಿಗೆ ಒಬ್ಬರೇ ಟೀಚರ್ ಇರುವ ಶಾಲೆಯಲ್ಲಿ ಎರಡನೆಯವರು ಎಲ್ಲಿಂದ ಬರಬೇಕು? ನಾನು ಕಂಡುಕೊಂಡ ಜಾಗ ಬಿಸಿಯೂಟ. ಮೊದಲ ವಾರ ಅಮ್ಮ ಬಂದು ಹಿಂದೆ ಕೂರುತ್ತಾರೆ, ಎದುರಿಗೆ ಅಡುಗೆಯಕ್ಕ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಆ ಹುಡುಗನಿಗೆ ಮೊಟ್ಟೆ ಅಂದರೆ ಪ್ರಾಣ. ಮೊದಲು ಮೊಟ್ಟೆ ಕಾರ್ಡ್ ಒಂದೇ. ಕಾರ್ಡ್ ಅಕ್ಕನ ಕೈಗೆ ಬಿದ್ದ ತಕ್ಷಣ ಮೊಟ್ಟೆ ತಟ್ಟೆಗೆ. ಬಾಳೆಹಣ್ಣಿನ ಕಾರ್ಡ್ ಪಕ್ಕಕ್ಕೆ ಬಂದು ಎರಡರಲ್ಲಿ ಆರಿಸುವ ಹಂತ ಆಮೇಲೆ. ಅದು ಪೆಕ್ಸ್‌ನ ಮೂರನೇ ಮೆಟ್ಟಿಲು.

ಚಿತ್ರ ಎಲ್ಲಿಂದ? ಸ್ಪೇನಿನ ಅರಗಾನ್ ಪ್ರಾಂತ್ಯದ ಸರ್ಕಾರ ನಡೆಸುವ ಅರಾಸಾಕ್ ಎಂಬ ಸಂಗ್ರಹದಲ್ಲಿ ಸಾವಿರಾರು ಚಿತ್ರಗಳು ಪುಕ್ಕಟೆ ಸಿಗುತ್ತವೆ. ವ್ಯಾಪಾರಕ್ಕೆ ಬಳಸುವಂತಿಲ್ಲ, ತರಗತಿಗೆ ಅಡ್ಡಿಯಿಲ್ಲ. ‘ಓಡು’, ‘ನಿಲ್ಲು’, ‘ಇನ್ನೂ’ ಇಂಥವಕ್ಕೆ ಆ ಚಿತ್ರಗಳು ಚೆನ್ನ. ತಿನ್ನೋ ಕುಡಿಯೋ ವಸ್ತುಗಳಿಗೆ ಮಾತ್ರ ನಿಮ್ಮ ಫೋನಲ್ಲೇ ಫೋಟೋ ತೆಗೀರಿ. ಒಂದು ಮಗುವಿಗೆ ‘ನೀರು’ ಕಾರ್ಡ್ ಕೊಟ್ಟು ವಾರಗಟ್ಟಲೆ ಕಾದೆವು. ಆ ಚಿತ್ರದಲ್ಲಿದ್ದದ್ದು ಗಾಜಿನ ಲೋಟ. ಅವಳ ಮನೆಯಲ್ಲಿ ಗಾಜಿನ ಲೋಟವೇ ಇರಲಿಲ್ಲ! ಸ್ಟೀಲ್ ಲೋಟವನ್ನು ಬಿಳಿ ಪಂಚೆಯ ಮೇಲಿಟ್ಟು ಫೋಟೋ ತೆಗೆದು ಕೊಟ್ಟೆವು, ಆ ದಿನವೇ ತಂದು ಕೈಗಿಟ್ಟಳು.

ಖರ್ಚು ಕಮ್ಮಿ. ಕಲರ್ ಪ್ರಿಂಟು, ಲ್ಯಾಮಿನೇಶನ್, ವೆಲ್ಕ್ರೋ, ಒಂದು ರಿಂಗ್ ಫೈಲ್, ಎಲ್ಲ ಸೇರಿ ನನಗೆ 400 ರೂಪಾಯಿ ದಾಟಿಲ್ಲ. ಕರೆಂಟ್ ಬೇಡ, ಮಳೆಗೂ ಹೆದರಬೇಕಿಲ್ಲ. ಕೊರತೆಯೂ ಇದೆ. ಕಾರ್ಡಿಗೆ ದನಿ ಇಲ್ಲ. ಟೀಚರ್ ಬೋರ್ಡಿನ ಕಡೆ ತಿರುಗಿದ್ದರೆ ಮಗು ಕೂಗಿ ಕರೆಯೋಕೆ ಆಗಲ್ಲ. ಅರವತ್ತು ಎಪ್ಪತ್ತು ಕಾರ್ಡ್ ಆದ ಮೇಲೆ ಫೈಲ್ ಹೊತ್ತು ತಿರುಗೋದು, ಬೇಕಾದ್ದನ್ನು ಹುಡುಕೋದು ಎರಡೂ ಕಷ್ಟ. ಮತ್ತೆ ಕಳೆಯುತ್ತವೆ. ಪ್ರತಿಯೊಂದರ ಎರಡು ಪ್ರತಿ ಮಾಡಿಸಿ.

ಗುಂಡಿ

ಒತ್ತಿದರೆ ರೆಕಾರ್ಡ್ ಮಾಡಿದ ಒಂದು ಮಾತು ಕೇಳಿಸುವ ಗುಂಡಿ. ಏಬಲ್‌ನೆಟ್ ಕಂಪನಿಯ ಬಿಗ್‌ಮ್ಯಾಕ್ ಇದರಲ್ಲಿ ಹಳಬ, ಆದರೆ ಹೊರದೇಶದ ಮಾಲು, ದುಬಾರಿ. ಅದೇ ಕೆಲಸ ಮಾಡುವ ಸಣ್ಣ ಗುಂಡಿಗಳು ಆನ್‌ಲೈನಲ್ಲಿ ಸೆಟ್ಟಾಗಿ ಸಿಗುತ್ತವೆ. ಸಾಕುನಾಯಿಗೆ ಅಂತ ಹೆಸರಿಟ್ಟು ಮಾರುತ್ತಾರೆ. ಆ ಸ್ಟಿಕ್ಕರ್ ಕಿತ್ತು ಬಿಸಾಕಿ, ಗುಂಡಿ ಇಟ್ಟುಕೊಳ್ಳಿ.

ಇದನ್ನು ಇಡೀ ಮಾತಿನ ಬದಲಿಗೆ ಕೊಳ್ಳಬೇಡಿ. ಒಂದು ನಿರ್ದಿಷ್ಟ ಗಳಿಗೆಗೆ ಕೊಳ್ಳಿ. ನನಗೆ ಇಷ್ಟವಾದ ಬಳಕೆ ಹಾಜರಿ. ಪಕ್ಕದ ಬೆಂಚಿನ ಹುಡುಗನ ದನಿಯಲ್ಲಿ ‘ಹಾಜರ್ ಮಿಸ್’ ಅಂತ ರೆಕಾರ್ಡ್ ಮಾಡಿಸಿ. ದೊಡ್ಡವರ ದನಿ ಬೇಡ, ಮಗುವಿನ ವಯಸ್ಸಿನವರದ್ದೇ ಇರಲಿ. ಹೆಸರು ಕರೆದಾಗ ಒತ್ತಿದರೆ ಇಡೀ ಕ್ಲಾಸ್ ತಿರುಗಿ ನೋಡುತ್ತೆ. ಮೊದಲೆರಡು ದಿನ ಮಗು ಸದ್ದಿಗಾಗಿ ಒತ್ತುತ್ತಲೇ ಇರುತ್ತೆ, ಕ್ಲಾಸಿಗೆ ತಲೆನೋವು. ತಡಕೊಳ್ಳಿ. ನಾವು ಯಾರಾದರೂ ಹೊಸ ಬೆಲ್ ಸಿಕ್ಕಿದ ಸೈಕಲ್ಲನ್ನು ಸುಮ್ನೆ ಓಡಿಸಿದ್ದೀವಾ?

ಆ್ಯಪು

ನಮ್ಮವರ ಕೈಗೆ ಸಿಗುವವು ಮುಖ್ಯವಾಗಿ ನಾಲ್ಕು.

ಜೆಲ್ಲೋ ಐಐಟಿ ಬಾಂಬೆಯ ಐಡಿಸಿ ವಿನ್ಯಾಸ ಶಾಲೆಯಲ್ಲಿ ತಯಾರಾದದ್ದು, ಪುಕ್ಕಟೆ. ಇದರ ಜಾಣತನ ಇರೋದು ಅಂಚಿನ ಆರು ಬಟನ್‌ಗಳಲ್ಲಿ: ಇಷ್ಟ, ಹೌದು, ಇನ್ನೂ, ಇಷ್ಟವಿಲ್ಲ, ಇಲ್ಲ, ಕಮ್ಮಿ. ಚಿತ್ರ ಮುಟ್ಟಿ ಆಮೇಲೆ ಅಂಚಿನ ಬಟನ್ ಮುಟ್ಟಿದರೆ ಇಡೀ ವಾಕ್ಯ ಬರುತ್ತೆ. ಎರಡೇ ಮುಟ್ಟಿಗೆ ಒಂದು ವಾಕ್ಯ! ಈಗ ತಾನೇ ಶುರು ಮಾಡುವ ಮಗುವಿಗೆ ಇದು ಸಾಕು. ಆದರೆ ಮಗು ಮೂರು ನಾಲ್ಕು ಪದ ಸೇರಿಸಿ ತನ್ನದೇ ವಾಕ್ಯ ಕಟ್ಟೋಕೆ ಹೊರಟಾಗ ಜಾಗ ಇಕ್ಕಟ್ಟಾಗುತ್ತೆ.

ಅವಾಜ್ ಚೆನ್ನೈನದ್ದು. ಅಜಿತ್ ನಾರಾಯಣನ್ ಅಲ್ಲಿನ ವಿದ್ಯಾಸಾಗರ್ ಸಂಸ್ಥೆಯ ಮಕ್ಕಳ ಜೊತೆ ಕೂತು ರೂಪಿಸಿದ್ದು. ಮೊದಲು ಅದೊಂದು ಬೇರೆ ಯಂತ್ರವೇ ಆಗಿತ್ತು, ಆಮೇಲೆ ಟ್ಯಾಬಿನ ಆ್ಯಪ್ ಆಯಿತು. ದುಡ್ಡು ಕೊಡಬೇಕು. ಪದಗಳು ಜಾಸ್ತಿ, ವಾಕ್ಯ ಕಟ್ಟೋಕೆ ಜಾಗ ಇದೆ, ಮಗು ಬೆಳೆದಂತೆ ಮನೆಯಲ್ಲಿರುವ ಚಿತ್ರ ಸೇರಿಸುತ್ತ ಹೋಗಬಹುದು.

ಸಿಬೋರ್ಡ್ ಪುಕ್ಕಟೆ ಮತ್ತು ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಬ್ರೌಸರಲ್ಲೇ ತೆರೆಯುತ್ತೆ. ನಿಮ್ಮದೇ ಹಲಗೆ, ಅಂದರೆ ಪರದೆ ಮೇಲಿನ ಚಿತ್ರಗಳ ಪುಟ, ಮಾಡಿಕೊಳ್ಳಬಹುದು. ಕಂಪ್ಯೂಟರ್ ಮುಂದೆ ಎರಡು ಸಂಜೆ ಕೂರುವ ತಾಳ್ಮೆ ಇರುವ ಟೀಚರ್‌ಗೆ ಒಳ್ಳೆಯದು, ಇಲ್ಲದವರಿಗೆ ಬೇಡ.

ಪ್ರೊಲೊಕ್ವೊಟುಗೊ ನೆದರ್ಲೆಂಡ್ಸಿನ ಕಂಪನಿಯದ್ದು, ಆ್ಯಪಲ್ ಸಾಧನಗಳಲ್ಲಿ ಮಾತ್ರ, ಬೆಲೆ 250 ಡಾಲರ್ ಆಸುಪಾಸು. ಕನ್ನಡ ಇಲ್ಲ. ಕನ್ನಡ ಶಾಲೆಗೆ ಇದು ಬೇಡವೇ ಬೇಡ. ಅಮೆರಿಕದಲ್ಲೋ ಇಂಗ್ಲೆಂಡಲ್ಲೋ ಇರುವ ನಮ್ಮವರ ಮಗುವಿಗೆ ಶಾಲೆಯವರೇ ಇಂಥದ್ದನ್ನು ಕೊಟ್ಟಿದ್ದರೆ ಅದನ್ನೇ ಬಳಸಿ. ಆದರೆ ‘ಮನೆ’ ಅಂತ ಒಂದು ಪುಟ ಸೇರಿಸಿ, ಅಜ್ಜಿಯ ದನಿಯಲ್ಲಿ ‘ಬಾ’, ‘ಸಾಕು’, ‘ಮೊಸರನ್ನ’ ರೆಕಾರ್ಡ್ ಮಾಡಿಸಿ. ವಿಡಿಯೋ ಕಾಲಲ್ಲಿ ಅಜ್ಜಿಯ ಜೊತೆ ಮಗು ಇಂಗ್ಲಿಷಲ್ಲಿ ಮಾತಾಡಿದರೆ ಅಜ್ಜಿ ಏನು ಮಾಡಬೇಕು?

ನನ್ನ ತೀರ್ಮಾನ ಹೀಗೆ. ಕಾರ್ಡು ಮತ್ತು ಪುಕ್ಕಟೆ ಆ್ಯಪ್ ಎರಡನ್ನೂ ಒಟ್ಟಿಗೆ ಶುರು ಮಾಡಿ, ಒಂದಾದ ಮೇಲೆ ಒಂದು ಅಂತ ಸಾಲು ನಿಲ್ಲಿಸಬೇಡಿ. ಮೂರು ತಿಂಗಳಲ್ಲಿ ಮಗು ಪುಕ್ಕಟೆ ಆ್ಯಪ್ ಮೀರಿ ಬೆಳೆದರೆ ಆಗ ದುಡ್ಡು ಕೊಡಿ. ಫೋನ್ ಮುಟ್ಟಿದರೆ ಸಾಕು ಆಟ ಹುಡುಕುವ ಮಗುವಾದರೆ ಕಾರ್ಡಿಗೇ ಜಾಸ್ತಿ ದಿನ ಕೊಡಿ.

ಟ್ಯಾಬ್ ತಂದ ಮೇಲೆ ಮೂರು ಕಟ್ಟುನಿಟ್ಟು. ಮಾತಿನ ಟ್ಯಾಬಲ್ಲಿ ಯೂಟ್ಯೂಬ್ ಇರಕೂಡದು. ಆ್ಯಂಡ್ರಾಯ್ಡಲ್ಲಿ ಸ್ಕ್ರೀನ್ ಪಿನ್, ಐಪ್ಯಾಡಲ್ಲಿ ಗೈಡೆಡ್ ಆ್ಯಕ್ಸೆಸ್ ಅಂತ ಇದೆ, ಆ್ಯಪಿನಿಂದ ಹೊರಗೆ ಹೋಗದಂತೆ ಬೀಗ ಹಾಕುತ್ತೆ. ಚಿತ್ರಗಳ ಜಾಗ ಬದಲಿಸಬೇಡಿ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಇರೋ ಜಾಗ ಕೈಗೆ ಗೊತ್ತಿರುತ್ತಲ್ಲ, ಹಾಗೆ ಮಗುವಿನ ಬೆರಳಿಗೂ ಗೊತ್ತಿರುತ್ತೆ. ಮೂರನೆಯದು, ಶಿಕ್ಷೆ ಅಂತ ಟ್ಯಾಬ್ ಕಿತ್ತುಕೊಳ್ಳಬೇಡಿ. ಗಲಾಟೆ ಮಾಡಿದ ಮಗುವಿನ ಬಾಯಿಗೆ ಬಟ್ಟೆ ತುರುಕಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಒಂದು ಎಚ್ಚರಿಕೆ. ಮಗುವಿನ ಕೈಯನ್ನೋ ಮೊಣಕೈಯನ್ನೋ ಹಿಡಿದು ಅಕ್ಷರ ಹಲಗೆಯ ಮೇಲೆ ‘ಟೈಪ್ ಮಾಡಿಸುವ’ ಒಂದು ವಿಧಾನ ಇದೆ. ಮಗು ದಿಢೀರನೆ ಕವಿತೆ ಬರೆಯಿತು ಅಂತ ವಿಡಿಯೋಗಳು ಬರುತ್ತವೆ. ಅಲ್ಲಿ ಬರೋದು ಹಿಡಿದವರ ಮಾತು. ಇದನ್ನು ಬಳಸಕೂಡದು ಅಂತ ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘವೇ 2018ರಲ್ಲಿ ಹೇಳಿದೆ. ಪೆಕ್ಸ್‌ನಲ್ಲೂ ಮೊದಲ ದಿನಗಳಲ್ಲಿ ಕೈ ಹಿಡೀತೀವಿ, ನಿಜ. ಆದರೆ ಕೈ ಬಿಡೋದೇ ಅಲ್ಲಿನ ಪಾಠ.

ಆ ಆ್ಯಪಿಗೆ ಕನ್ನಡ ಬರುತ್ತಾ?

‘ಕನ್ನಡ ಇದೆ’ ಅಂತ ಪಟ್ಟಿಯಲ್ಲಿ ಇದ್ದರೆ ಸಾಲದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಿ.

ಮೊದಲನೆಯದು ಪದಗಳ ಸಾಲು. ಇಂಗ್ಲಿಷಿಗೆ ಮಾಡಿದ ಹಲಗೆಯಲ್ಲಿ ‘ಬೇಕು’ ಎಂಬ ಚಿತ್ರ ಎಡತುದಿಯಲ್ಲಿ, ಮೊದಲು ಬರುತ್ತೆ. ನಮ್ಮಲ್ಲಿ ಅದು ಕೊನೆಗೆ. ಅನ್ನ ಬೇಕು, ನೀರು ಬೇಕು. ಎಡದಿಂದ ಒತ್ತುತ್ತ ಹೋದರೆ ಯಂತ್ರ ‘ಬೇಕು ನೀರು’ ಅನ್ನುತ್ತೆ. ಮಗು ಕಿವಿಯಿಂದ ಕಲಿಯೋದು ಒಂದು, ಬೆರಳಿಂದ ಕಲಿಯೋದು ಇನ್ನೊಂದು ಆಗಿಬಿಡುತ್ತೆ. ಕಾರ್ಡುಗಳನ್ನು ಸಾಲಾಗಿ ಅಂಟಿಸಿ ವಾಕ್ಯಪಟ್ಟಿ ಮಾಡುವಾಗಲೂ ಅಷ್ಟೇ: ‘ಬೇಕು’ ಕಾರ್ಡನ್ನು ಬಲತುದಿಗೆ ಅಂಟಿಸಿ, ವಸ್ತುವಿನ ಚಿತ್ರ ಅದರ ಎಡಕ್ಕೆ.

ಎರಡನೆಯದು ದನಿ. ಆ್ಯಂಡ್ರಾಯ್ಡ್ ಫೋನಿನ ಗೂಗಲ್ ದನಿಗೆ ಕನ್ನಡ ಓದಲು ಬರುತ್ತೆ. ಇಂಟರ್ನೆಟ್ ಇಲ್ಲದಾಗಲೂ ಮಾತಾಡಬೇಕಾದರೆ ಸೆಟ್ಟಿಂಗ್ಸಿಗೆ ಹೋಗಿ ಆ ದನಿಯನ್ನು ಮೊದಲೇ ಇಳಿಸಿಕೊಳ್ಳಬೇಕು. ಆದರೆ ಅದು ಬರೆದದ್ದನ್ನು ಬರೆದ ಹಾಗೇ ಓದುತ್ತೆ. ‘ನನಗೆ ಶೌಚಾಲಯಕ್ಕೆ ಹೋಗಬೇಕು’ ಅಂತ ಹೇಳುವ ಮಗುವನ್ನು ನೀವು ನೋಡಿದ್ದೀರಾ? ‘ಮಿಸ್, ಒಂದಕ್ಕೆ’ ಅಂತ ತಾನೇ ಎಲ್ಲರೂ ಹೇಳೋದು. ಧಾರವಾಡದ ಕಡೆ ‘ನೀರ್ ಬೇಕ್ರಿ’. ಸ್ವಂತ ದನಿ ರೆಕಾರ್ಡ್ ಮಾಡುವ ಸೌಲಭ್ಯ ಇಲ್ಲದ ಆ್ಯಪನ್ನು ನಾನು ಶಿಫಾರಸು ಮಾಡೋದೇ ಇಲ್ಲ.

ಮೂರನೆಯದು ಮರ್ಯಾದೆ. ಇಂಗ್ಲಿಷಿನವರಿಗೆ ಈ ತಲೆನೋವು ಇಲ್ಲ. ಯಂತ್ರ ‘ಕೊಡು’ ಅಂತಷ್ಟೇ ಹೇಳುತ್ತೆ. ಮಗು ಅದನ್ನು ಎಚ್ಚೆಮ್ ಮುಂದೆ ಒತ್ತಿತು, ಕ್ಲಾಸೆಲ್ಲ ಗೊಳ್ಳೆಂದಿತು, ಮಗು ಆಮೇಲೆ ಎರಡು ದಿನ ಟ್ಯಾಬ್ ಮುಟ್ಟಲಿಲ್ಲ. ‘ಕೊಡಿ’, ‘ಬನ್ನಿ’ ಅಂತ ಬದಲಿಸಿಕೊಳ್ಳೋಕೆ ಬರಬೇಕು. ಗೆಳೆಯರ ಪುಟದಲ್ಲಿ ಮಾತ್ರ ‘ಬಾರೋ’ ಇರಲಿ.

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ‘ಬೇಡ’ ಎಲ್ಲಿದೆ? ಮೊದಲ ಪುಟದಲ್ಲೇ ಇರಬೇಕು, ಯಾವ ಪುಟಕ್ಕೆ ಹೋದರೂ ಕೈಗೆ ಸಿಗಬೇಕು. ಹಣ್ಣು, ತರಕಾರಿ, ಬಣ್ಣ, ಪ್ರಾಣಿ ಅಂತ ಇನ್ನೂರು ಹೆಸರು ತುಂಬಿದ ಹಲಗೆಗಿಂತ ಹನ್ನೆರಡು ಪದದ ಹಲಗೆ ಮೇಲು: ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಕೊಡು, ನೋಡು, ಆಯ್ತು, ಎಲ್ಲಿ, ನಾನು, ನೋವು. ಆನೆ ಜಿರಾಫೆ ತೋರಿಸೋದು ನಮಗೆ ಖುಷಿ. ಮಗುವಿಗೆ ದಿನಾ ಬೇಕಾಗೋದು ‘ಸಾಕು’.

ಮನೆಮಾತು ತುಳು, ಉರ್ದು, ಲಂಬಾಣಿ, ತೆಲುಗು ಇರುವ ಮಕ್ಕಳೂ ನಮ್ಮ ಕ್ಲಾಸಲ್ಲಿ ಬಹಳ. ‘ಗೊಂದಲ ಆಗುತ್ತೆ, ಮನೆಯಲ್ಲೂ ಕನ್ನಡವೇ ಮಾತಾಡಿ’ ಅಂತ ಹೇಳಬೇಡಿ. ಮನೆ ಪುಟಕ್ಕೆ ಮನೆಮಾತಿನಲ್ಲೇ ರೆಕಾರ್ಡ್ ಮಾಡಿಸಿ.

ಮುಂದೇನು: ಪಟ್ಟಿಯಾ, ಟೈಮರಾ?

ಗಣಿತ ಶುರುವಾದಾಗ ಪುಸ್ತಕ ಎಸೆದ ಹುಡುಗನಿಗೆ ಗಣಿತದ ಮೇಲೆ ದ್ವೇಷ ಇರಲಿಲ್ಲ. ಕನ್ನಡ ನಿಂತುಹೋಗುತ್ತೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಇದಕ್ಕೆ ಮೊಬೈಲ್ ಆ್ಯಪ್‌ಗಳಿವೆ. ಗೋಡೆ ಪಟ್ಟಿಯ ಮುಂದೆ ನನಗೆ ಅವು ಸಪ್ಪೆ. ಒಂದು ಉದ್ದನೆಯ ರಟ್ಟು, ಮೇಲಿಂದ ಕೆಳಗೆ ಆರು ಚಿತ್ರ: ಪ್ರಾರ್ಥನೆ, ಹಾಲು, ಕನ್ನಡ, ಗಣಿತ, ಊಟ, ಆಟ. ಒಂದು ಮುಗಿದ ತಕ್ಷಣ ಮಗುವೇ ಆ ಚಿತ್ರ ಕಿತ್ತು ಕೆಳಗಿನ ‘ಆಯ್ತು’ ಜೇಬಿಗೆ ಹಾಕಬೇಕು. ವೆಲ್ಕ್ರೋ ಪರ್ ಅಂತ ಕಿತ್ತು ಬರೋ ಸದ್ದು ಕೆಲವು ಮಕ್ಕಳಿಗೆ ಬಲು ಇಷ್ಟ. ಹೀಗೆ ಚಿತ್ರದಿಂದ ದಿನ ಕಟ್ಟುವ ಕ್ರಮವನ್ನು ಜಗತ್ತಿಗೆ ಹಬ್ಬಿಸಿದವರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಟೀಚ್ ಕಾರ್ಯಕ್ರಮ ಮುಖ್ಯವಾದದ್ದು. ಆರು ಚಿತ್ರ ಜಾಸ್ತಿಯಾದರೆ ಎರಡೇ ಇಡಿ: ಮೊದಲು ಗಣಿತ, ಆಮೇಲೆ ಜೋಕಾಲಿ.

ಪಟ್ಟಿ ‘ಏನು’ ಅಂತ ಹೇಳುತ್ತೆ, ‘ಎಷ್ಟು ಹೊತ್ತು’ ಅಂತ ಹೇಳಲ್ಲ. ಅದಕ್ಕೆ ಟೈಮರ್. ಟೈಮ್ ಟೈಮರ್ ಎಂಬ ಗಡಿಯಾರದಲ್ಲಿ ಕೆಂಪು ತಟ್ಟೆ ಸಣ್ಣಗಾಗುತ್ತ ಹೋಗುತ್ತೆ, ಸಮಯ ಕರಗೋದು ಕಣ್ಣಿಗೆ ಕಾಣುತ್ತೆ. ಒಬ್ಬ ತಾಯಿ 1994ರಲ್ಲಿ ತನ್ನ ಮಗಳಿಗಾಗಿ ಮಾಡಿದ್ದಂತೆ. ಅದನ್ನೇ ಕೊಳ್ಳಬೇಕಿಲ್ಲ, ಇದೇ ರೀತಿ ಬಣ್ಣ ಕರಗುವ ಪುಕ್ಕಟೆ ಆ್ಯಪ್‌ಗಳನ್ನು ಟೀಚರ್ ಫೋನಲ್ಲಿ ಹಾಕಿ ಮೇಜಿನ ಮೇಲಿಡಬಹುದು. ಟಿಕ್ ಟಿಕ್ ಅನ್ನುವ ಅಡುಗೆಮನೆ ಟೈಮರ್ ಬೇಡ, ಸದ್ದಿಗೆ ಹೆದರುವ ಮಗುವಿಗೆ ಅದೇ ಬಾಂಬು. ಮರಳು ಗಡಿಯಾರ ಅಗ್ಗ, ಆದರೆ ಮಗು ಪಾಠ ಬಿಟ್ಟು ಮರಳನ್ನೇ ನೋಡುತ್ತ ಕೂರುತ್ತೆ. ತಿರುಗಿಸಿ ಇಟ್ಟರೆ ಸಮಯವೂ ವಾಪಸ್ ಬಂತಲ್ಲ!

ಸದ್ದು

ನಮ್ಮ ಶಾಲೆಗಳ ಬೆಲ್ ಅಂದರೆ ನೇತುಹಾಕಿದ ಕಬ್ಬಿಣದ ತುಂಡು, ಒಂದು ಸುತ್ತಿಗೆ. ಪಕ್ಕದಲ್ಲೇ ಅಡುಗೆಕೋಣೆ, ಅಲ್ಲಿ ಕುಕ್ಕರ್. ಇದಕ್ಕೆ ಎರಡು ಬಗೆಯ ಕಿವಿ ಸಾಧನ ಮಾರುತ್ತಾರೆ, ಎರಡೂ ಒಂದೇ ಅಂತ ಜನ ತಿಳೀತಾರೆ. ಅಲ್ಲ.

ಕಾರ್ಖಾನೆಯವರು ಹಾಕುವ ಇಯರ್‌ಮಫ್‌ಗೆ ಬ್ಯಾಟರಿ ಇಲ್ಲ. ಎಲ್ಲ ಸದ್ದನ್ನೂ ತಗ್ಗಿಸುತ್ತೆ, ಡಬ್ಬದ ಮೇಲೆ ಎಷ್ಟು ಡೆಸಿಬಲ್ ಅಂತ ಬರೆದಿರುತ್ತೆ. ಬೆಲ್ಲು, ಕೂಗು, ಸೀಟಿ ಇಂಥ ಧುತ್ತೆಂದು ಬರುವ ಸದ್ದಿಗೆ ಇದೇ ಸರಿ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಎಲೆಕ್ಟ್ರಾನಿಕ್ಸ್. ಫ್ಯಾನು, ಬಸ್ಸಿನ ಎಂಜಿನ್ ಥರದ ಒಂದೇ ಸಮ ಗುಂಯ್ ಅನ್ನೋ ಸದ್ದನ್ನು ಅದು ಚೆನ್ನಾಗಿ ತಿನ್ನುತ್ತೆ, ಬೆಲ್ಲಿನ ಹೊಡೆತಕ್ಕೆ ಅಷ್ಟು ಉಪಯೋಗವಿಲ್ಲ. ಬೆಲೆ ಮಾತ್ರ ಹಲವು ಪಟ್ಟು. ತರಗತಿಗೆ ನಾನು ಹೇಳೋದು ಇಯರ್‌ಮಫ್. ಅದನ್ನೂ ದಿನವಿಡೀ ಹಾಕಿಸಬೇಡಿ, ಪಾಠವೂ ಕೇಳಿಸಲ್ಲ. ಬೆಲ್ ಚಿತ್ರದ ಕಾರ್ಡ್ ತೋರಿಸಿ, ಹಾಕಿಸಿ, ಬೆಲ್ ಆದ ಮೇಲೆ ತೆಗೆಸಿ. ಒಂದು ಶಾಲೆಯಲ್ಲಿ ಬೆಲ್ಲಿಗೆ ಹೆದರುತ್ತಿದ್ದ ಹುಡುಗನ ಕೈಗೇ ಸುತ್ತಿಗೆ ಕೊಟ್ಟರು. ತಾನೇ ಹೊಡೆಯುವ ಬೆಲ್ಲಿಗೆ ಅವನು ಹೆದರಲಿಲ್ಲ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಭಾರದ ಜಾಕೆಟ್ಟು, ಭಾರದ ಹೊದಿಕೆ ಅಂತಲೂ ಮಾರುತ್ತಾರೆ. ಜಾಕೆಟ್ಟಿನಿಂದ ಪಾಠದಲ್ಲಿ ಗಮನ ಹೆಚ್ಚುತ್ತೆ ಅನ್ನೋದಕ್ಕೆ ಆಧಾರ ತೆಳು. ದುಡ್ಡು ಉಳಿಸಿ.

ಬರವಣಿಗೆ

ಪೆನ್ಸಿಲ್ ಹಿಡಿಯೋದೇ ಕಷ್ಟವಾದ ಮಗುವಿಗೆ ಮೊದಲು ದಪ್ಪ ಹಿಡಿಕೆ, ಓರೆ ಹಲಗೆ. ಆಗಲೂ ಬರೀಬೇಕಾದರೆ ಅಳು ಬಂದರೆ ಟೈಪಿಂಗಿಗೆ ಹೋಗಿ, ನಾಚಿಕೆ ಬೇಡ. ಆದರೆ ಕನ್ನಡ ಟೈಪಿಂಗಲ್ಲಿ ಒತ್ತಕ್ಷರ ಒಂದು ಸಾಹಸ. ‘ಅಮ್ಮ’ ಬರೆಯೋಕೆ ಅ ಆದ ಮೇಲೆ ಮ ಒತ್ತಿ, ಅರ್ಧಚಿಹ್ನೆ ಒತ್ತಿ, ಮತ್ತೆ ಮ ಒತ್ತಬೇಕು. ಕೆಲವು ಆಟಿಸಂ ಮಕ್ಕಳು ಟಿವಿ ನೋಡಿಯೇ ಇಂಗ್ಲಿಷ್ ಅಕ್ಷರ ಕಲಿತುಬಿಟ್ಟಿರುತ್ತಾರೆ, ಯಾರೂ ಹೇಳಿಕೊಡದೆ. ಅಂಥವರಿಗೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಬೋರ್ಡ್ ಸಲೀಸು. ಒತ್ತಕ್ಷರ ಇಲ್ಲದ ಪದಗಳಿಂದ ಶುರು ಮಾಡಿ: ಮರ, ಹಾಲು, ಬಾಗಿಲು.

ರೋಬಾಟು, ವಿಆರ್ ಕನ್ನಡಕ, ದೊಡ್ಡ ಸ್ಮಾರ್ಟ್ ಬೋರ್ಡು? ಉದ್ಘಾಟನೆಯ ಫೋಟೋಗೆ ಚೆನ್ನ. ಯಾರಾದರೂ ದಾನಿ ಅದನ್ನೇ ಕೊಡ್ತೀನಿ ಅಂದರೆ ಅದರ ಬದಲು ಲ್ಯಾಮಿನೇಶನ್ ಮೆಷಿನ್ ಮತ್ತು ಕಲರ್ ಪ್ರಿಂಟರ್ ಕೇಳಿ.

ದುಡ್ಡು, ಸಲಹೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿಟ್ಟುಕೊಳ್ಳಿ, ಮುಂದಿನ ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಪ್ರತಿ ಮಗುವಿನ ಲೆಕ್ಕಕ್ಕೆ ವರ್ಷಕ್ಕೆ 3500 ರೂಪಾಯಿ ಇದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು, ಅವರನ್ನು ಹೆಸರು ಹಿಡಿದು ಕೇಳಿ. ಯಾವ ಸಾಧನ ಅಂತ ತಜ್ಞರ ಸಲಹೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟಿಸಂ ಮಕ್ಕಳನ್ನು ನೋಡುವವರೂ, ಮಾತಿಗೆ ಪರ್ಯಾಯ ಸಾಧನ ನೋಡುವವರೂ ಅಲ್ಲೇ ಸಿಗುತ್ತಾರೆ. ಹೋಗುವಾಗ ಮಗುವಿನ ಒಂದು ದಿನದ ವಿಡಿಯೋ ತುಣುಕುಗಳನ್ನು ಫೋನಲ್ಲಿ ಇಟ್ಟುಕೊಂಡು ಹೋಗಿ. ಹೊಸ ಜಾಗದಲ್ಲಿ ಮಕ್ಕಳು ಮನೆಯಲ್ಲಿದ್ದ ಹಾಗೆ ಇರಲ್ಲ.

ಎರಡು ವಾರದ ಲೆಕ್ಕ

ಯಾವುದನ್ನೇ ತಂದರೂ ಎರಡು ವಾರ ಎಣಿಸಿ. ಒಂದು ಹಾಳೆ, ಮೂರು ಕಲಂ: ಮಗು ತಾನಾಗಿಯೇ ಬಳಸಿದ್ದು, ನಾವು ಹೇಳಿದ ಮೇಲೆ ಬಳಸಿದ್ದು, ಬಳಸದೆ ಅತ್ತಿದ್ದು. ಮೊದಲ ಕಲಂ ಏರದಿದ್ದರೆ ತಪ್ಪು ಮಗುವಿನದ್ದಲ್ಲ. ಮೊದಲು ಚಿತ್ರ ಬದಲಿಸಿ, ಆಮೇಲೆ ಜಾಗ, ಕೊನೆಗೆ ಸಾಧನ. ಟೀಚರ್ ಕೂಡ ಮಾತಾಡುವಾಗ ಅದೇ ಕಾರ್ಡ್ ಮುಟ್ಟಿ ಮಾತಾಡುತ್ತಿದ್ದಾರಾ ನೋಡಿ. ನಾವು ಕನ್ನಡ ಆಡದೆ ಮಗುವಿಗೆ ಕನ್ನಡ ಬಂದೀತಾ? ಇದೂ ಹಾಗೇ.

ಟ್ಯಾಬ್ ಆದರೆ ಮೊದಲ ಪುಟದ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಬ್ಯಾಗಲ್ಲಿ ಒಂದು, ಕ್ಲಾಸಿನ ಗೋಡೆಯಲ್ಲಿ ಒಂದು ಇಡಿ. ಚಾರ್ಜ್ ಇಲ್ಲದ ದಿನ ಬಂದೇ ಬರುತ್ತೆ.

ಮೊಟ್ಟೆ ಕಾರ್ಡಿನ ಹುಡುಗನ ಹಾಳೆ ನನ್ನ ಹತ್ತಿರ ಈಗಲೂ ಇದೆ. ಎರಡನೇ ವಾರ ಮೊದಲ ಕಲಂ ತುಂಬಿಹೋಗಿತ್ತು, ಆದರೆ ಮೊಟ್ಟೆ ಅದರಲ್ಲಿ ನಾಲ್ಕೈದು ಸಲ ಅಷ್ಟೇ. ಉಳಿದದ್ದೆಲ್ಲ ‘ಬೇಡ’. ಸಾಂಬಾರ್ ಬೇಡ, ಗಣಿತ ಬೇಡ, ನಾನು ಪಕ್ಕದಲ್ಲಿ ಕೂರೋದೂ ಬೇಡ. ಅವನ ಅಮ್ಮ ಮುಖ ಸಣ್ಣ ಮಾಡಿಕೊಂಡು, ‘ಏನ್ ಮೇಡಂ, ಎಲ್ಲಾ ಬೇಡ ಅಂತಾನೆ’ ಅಂದರು. ನಾನು ಮೂರನೇ ಕಲಂ ತೋರಿಸಿದೆ. ಆ ವಾರ ಅವನು ತಟ್ಟೆ ತಳ್ಳಿದ್ದು ಒಂದೇ ಸಲ. ಅದೂ ಕಾರ್ಡ್ ಫೈಲ್ ಮನೆಯಲ್ಲೇ ಉಳಿದಿದ್ದ ಗುರುವಾರ.